ಆ ಕರಾರಿಗೆ ಸಹಿ ಹಾಕಬೇಡ

ಪ್ರೀತಿಯ ಗೆಳೆಯಾ,

ನಿನ್ನ ದೊಡ್ಡಪ್ಪನ ಹಾಡಿನ ರೆಕಾರ್ಡಿಂಗ್ ಹಕ್ಕನ್ನ ಆಡಿಯೋ ಕಂಪನಿಗೆ ಬರೆದುಕೊಡೋಕೆ ಅಂತ ನೀನು ಕಳಿಸಿದ ಕರಾರು ಪತ್ರ ಪೂರ್ತಿ ಓದಿದೆ. ಸಹಿ ಹಾಕಬೇಡ ಕಣೋ. ಆಡಿಯೋ ಕಂಪನಿಯವರು ಹೇಳಿರೋ ಮೊತ್ತದಿಂದ ನೀನು ಕೈಯಿಂದ ಹಾಕಿದ ದುಡ್ಡು ವಾಪಸ್ ಬಂದು ಒಂದಿಷ್ಟು ಮಿಗುತ್ತೆ, ಒಪ್ಪಿದೆ. ಆದರೆ ಕೊನೇ ಪುಟದ ಆ ಸಾಲು ನೋಡು: ಈಗ ಇರುವ, ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ. ಹೀಗೆ ಒತ್ತಿ ಬರೆಯೋಕೆ ಕಾರಣ ಇದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ ಅದು ಐದೇ ವರ್ಷ ಅಂತ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಹಾಕದಿದ್ದರೆ ಭಾರತಕ್ಕೆ ಮಾತ್ರ. ಕಾನೂನು ನಿನಗೆ ಉಳಿಸಿಕೊಟ್ಟಿದ್ದನ್ನೆಲ್ಲ ಆ ಒಂದು ಸಾಲು ಕಿತ್ತುಕೊಳ್ಳುತ್ತೆ.

ಆ ರೆಕಾರ್ಡಿಂಗ್ ಇವತ್ತು ನಿನ್ನದು. ಯಾರು ಮುಂದೆ ನಿಂತು ಜವಾಬ್ದಾರಿ ಹೊತ್ತು ಧ್ವನಿಮುದ್ರಣ ಮಾಡಿಸ್ತಾರೋ ಅವರೇ ಕಾಯ್ದೆಯ ಲೆಕ್ಕದಲ್ಲಿ ನಿರ್ಮಾಪಕರು. ಮೈಕು ಬಾಡಿಗೆಗೆ ತಂದಿದ್ದು ನೀನು, ರೆಕಾರ್ಡಿಂಗ್ ಹುಡುಗನಿಗೆ ದುಡ್ಡು ಕೊಟ್ಟಿದ್ದು ನೀನು, ದೊಡ್ಡಪ್ಪನನ್ನ ಕಾಡಿ ಬೇಡಿ ಕೂರಿಸಿದ್ದೂ ನೀನೇ. ಬಿಡುಗಡೆ ಆದಮೇಲೆ 60 ವರ್ಷ ಆ ಹಕ್ಕು ಉಳಿಯುತ್ತೆ. ಅದನ್ನ ಒಂದೇ ಕಂತಿಗೆ ಯಾಕೆ ಬರೆದುಕೊಡ್ತೀಯ?

ಮೊನ್ನೆ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ದೊಡ್ಡಪ್ಪ ಕಾಡುಗೊಲ್ಲರ ದೈವ ಜುಂಜಪ್ಪನ ಪದದ ಒಂದು ಸೊಲ್ಲು ಮುಗಿಸಿ, ಗಣೆಗೆ, ಅಂದರೆ ಆ ಉದ್ದನೆ ಕೊಳಲಿಗೆ, ತುಟಿ ಹಚ್ಚೋ ಮುಂಚೆ ಉಸಿರು ಎಳಕೊಳ್ತಾರಲ್ಲ, ಅದು ಚೆನ್ನಾಗಿ ಕೇಳುತ್ತೆ. ಅಷ್ಟುದ್ದದ ಬಿದಿರು, ಊದಿದ ತಕ್ಷಣ ನಾದ ಹುಟ್ಟಲ್ಲ. ಮೊದಲು ಬರೀ ಗಾಳಿ, ಆಮೇಲೆ ತಳದಿಂದ ಏಳೋ ಸ್ವರ. ಹಿಂದೆಲ್ಲೋ ಕುರಿಮರಿ ಅರಚುತ್ತೆ, ಯಾರೋ ಕೆಮ್ಮುತ್ತಾರೆ. ಅದನ್ನೆಲ್ಲ ತೆಗೆಸಬೇಡ. ಕಂಪನಿಯವರು ಇದಕ್ಕೆ ರಿದಂ ಪ್ಯಾಡು, ಕೀಬೋರ್ಡು ಸೇರಿಸಿ ನಾಲ್ಕು ನಿಮಿಷಕ್ಕೆ ಇಳಿಸ್ತೀವಿ ಅಂದಿದ್ದಾರೆ ಅಂತ ಬರೆದಿದ್ದೀಯ. ಓದಿ ಹೊಟ್ಟೆ ಉರೀತು. ಹಕ್ಕು ಬರೆದುಕೊಟ್ಟ ಮೇಲೆ ಬೇಡ ಅನ್ನೋ ಬಾಯಿ ನಮಗೆಲ್ಲಿರುತ್ತೆ?

ನನಗೆ ಇನ್ನೂ ದೊಡ್ಡ ಹೆದರಿಕೆ ಬೇರೆ ಇದೆ. ಜುಂಜಪ್ಪನ ಪದ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲ ಹಟ್ಟಿಗಳದ್ದು. ಕಂಪನಿ ನಿನ್ನ ರೆಕಾರ್ಡಿಂಗನ್ನ ಯೂಟ್ಯೂಬಿನ ಕಂಟೆಂಟ್ ಐಡಿಗೆ, ಅಂದರೆ ಹೋಲುವ ಹಾಡುಗಳನ್ನ ತಾನೇ ಹುಡುಕಿ ಹಿಡಿಯೋ ಯಂತ್ರಕ್ಕೆ, ಸೇರಿಸಿತು ಅಂತ ಇಟ್ಟುಕೋ. ನಾಳೆ ಶಿರಾ ಕಡೆಯ ಯಾವುದೋ ಹುಡುಗ, ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಮೇಲೆ ಕೂತು ತನ್ನ ತಾತ ಕಲಿಸಿದ ಅದೇ ಪದ ಹಾಡಿ ವಿಡಿಯೋ ಹಾಕ್ತಾನೆ. ಮಟ್ಟು ಹೋಲುತ್ತೆ ಅಂತ ಯಂತ್ರಕ್ಕೆ ಅನ್ನಿಸಿಬಿಟ್ಟರೆ ಅವನ ವಿಡಿಯೋ ಮೇಲೆ ಇದು ನಮ್ಮ ಸ್ವತ್ತು ಅಂತ ಕಂಪನಿಯ ಹೆಸರಲ್ಲಿ ಕ್ಲೇಮ್ ಬೀಳುತ್ತೆ. ಅವನು ತಕರಾರು ಹಾಕಿದರೂ ಉತ್ತರ ಕೊಡೋಕೆ ಕಂಪನಿಗೆ 30 ದಿನ ಸಮಯ ಇರುತ್ತೆ. ಎಷ್ಟು ಹುಡುಗರು ಅಷ್ಟು ದಿನ ತಾಳ್ಮೆಯಿಂದ ಬಡಿದಾಡ್ತಾರೆ? ನಾವೇ ಬಿಡುಗಡೆ ಮಾಡಿದರೆ ಬಿಡುಗಡೆಯ ಅರ್ಜಿಯಲ್ಲಿ ಹಾಡು ಸಾಂಪ್ರದಾಯಿಕ ಅಂತ ತುಂಬಿಸಿ, ಕಂಟೆಂಟ್ ಐಡಿಯನ್ನ ಮುಟ್ಟದೆ ಬಿಡಬಹುದು.

ನಾವೇ ಮಾಡೋದು ಈಗ ಅಂಥ ಕಷ್ಟವೇನಲ್ಲ. ವೇವ್ ಫೈಲು, ಚೌಕಾಕಾರದ ಒಂದು ಕವರ್ ಚಿತ್ರ, ಹಾಡಿದವರ ಹೆಸರು ಇದ್ದರೆ ಡಿಸ್ಟ್ರಿಬ್ಯೂಟರ್‌ಗಳು ಹಾಡು ಕೇಳೋ ಎಲ್ಲ ಆ್ಯಪ್‌ಗೂ ತಲುಪಿಸ್ತಾರೆ. ಪ್ರತಿ ಹಾಡಿಗೂ ಅದರ ಗುರುತಿಗೆ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆಯನ್ನೂ ಅವರೇ ಕೊಡ್ತಾರೆ. ಇಂಥವರಲ್ಲಿ ಡಿಸ್ಟ್ರೋಕಿಡ್ ವರ್ಷವರ್ಷ ಶುಲ್ಕ ತಗೊಳ್ಳುತ್ತೆ, ಕಟ್ಟೋದು ನಿಲ್ಲಿಸಿದರೆ ಹಾಡು ಇಳಿದುಹೋಗಬಹುದು. ಸಿಡಿ ಬೇಬಿ ಒಂದೇ ಸಲ ತಗೊಂಡು, ಬಂದ ಆದಾಯದಲ್ಲಿ ಶೇ 9 ಮುರಿದುಕೊಳ್ಳುತ್ತೆ. ದೊಡ್ಡಪ್ಪನ ಹಾಡು ನಾವು ಮರೆತರೂ ಇರಬೇಕು, ಅದಕ್ಕೆ ಎರಡನೆಯದೇ ಸರಿ ಅಂತ ನನ್ನ ಮನಸ್ಸು.

ಹಣದ ವಿಷಯ ಮುಚ್ಚಿಡಲ್ಲ. ಸ್ಟ್ರೀಮಿಂಗಿಂದ ಏನೂ ಹುಟ್ಟಲ್ಲ. ಸ್ಪಾಟಿಫೈ 2024ರಿಂದ, 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸನ್ನೇ ಕೊಡಲ್ಲ. ನಮ್ಮ ಕೇಳುಗರು ಟ್ರ್ಯಾಕ್ಟರಿಗೆ ಪೆನ್‌ಡ್ರೈವ್ ಚುಚ್ಚಿ ಹಾಡು ಹಾಕೋ ಜನ, ಅವರ ಹತ್ತಿರಕ್ಕೇ ಹೋಗೋಣ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆ ಸೇರುತ್ತೆ. ಅಲ್ಲೊಂದು ಮೇಜು, ಒಂದು ಸ್ಪೀಕರ್ ಇಟ್ಟು ಪೆನ್‌ಡ್ರೈವ್ ಮಾರೋಣ, ನಾನು ರಜೆ ಹಾಕಿ ಬರ್ತೀನಿ. ಹೊರದೇಶದಲ್ಲಿ ಇರೋರಿಗೆ ಹಾಡು ಮಾರೋ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್ ಇದೆ. ಡಿಜಿಟಲ್ ಮಾರಾಟದಲ್ಲಿ ಶೇ 15 ಅವರದ್ದು, ಪಾವತಿ ಶುಲ್ಕ ಕಳೆದು ಮಿಕ್ಕಿದ್ದು ನಮ್ಮದು. ಇದರಲ್ಲಿ ಯಾವುದೂ ಕಂಪನಿ ಹೇಳಿದ ಮೊತ್ತಕ್ಕೆ ಬೇಗ ಮುಟ್ಟಲ್ಲ. ಆದರೂ ಹಾಲು ಕೊಡೋ ಹಸು ಮಾರಿ ಮಜ್ಜಿಗೆಗೆ ಮನೆಮನೆ ತಿರುಗೋ ಪಾಡು ಬರಲ್ಲ.

ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್ 2007ರಲ್ಲಿ ತನ್ನ ಆಲ್ಬಂ ತನ್ನ ವೆಬ್‌ಸೈಟಿನಲ್ಲೇ ಇಟ್ಟು ಇಷ್ಟ ಬಂದಷ್ಟು ಕೊಡಿ ಅಂದಿದ್ದನ್ನ ನೀನು ಬರೆದಿದ್ದೆ. ಅವರಿಗೆ ಅಷ್ಟೊತ್ತಿಗಾಗಲೇ ಅವರ ರೆಕಾರ್ಡ್ ಕಂಪನಿಯೇ ಜಗತ್ತಿನ ತುಂಬ ಹೆಸರು ಮಾಡಿಕೊಟ್ಟಿತ್ತು. ನಮಗೆ ನಮ್ಮ ಜಿಲ್ಲೆಯ ಗುಬ್ಬಿ ಕಂಪನಿಯೇ ಹತ್ತಿರದ ದಾರಿ. 1884ರಲ್ಲಿ ಹುಟ್ಟಿದ ನಾಟಕ ಮಂಡಳಿ ಅದು. ಊರೂರಿಗೆ ಹೋಗಿ, ತಾವೇ ಟಿಕೆಟ್ ಮಾರಿ, ಜನರನ್ನ ತಾವೇ ಕೂಡಿಸಿದರು. ಹಾಡು ಹೊತ್ತುಕೊಂಡು ಜನ ಇದ್ದಲ್ಲಿಗೆ ಹೋಗೋದು ನಮ್ಮ ಕಡೆಗೆ ಹೊಸದೇನಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳ್ತೀನಿ. ಕಂಪನಿ ನಿನಗೆ ಮಾಡೋದನ್ನ ನೀನು ದೊಡ್ಡಪ್ಪನಿಗೆ ಮಾಡಬೇಡ. ಅವರ ಪಾಲು ಎಷ್ಟು, ಜೊತೆಗೆ ದನಿಗೂಡಿಸಿದ ಇಬ್ಬರ ಪಾಲು ಎಷ್ಟು ಅಂತ ಕಾಗದದ ಮೇಲೆ ಬರಲಿ, ಅವರಿಗೆ ಓದಿ ಹೇಳಿ ಆಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಿಸು. ಮನೆಯವರೇ ತಾನೆ ಅಂತ ಬಾಯಿಮಾತಲ್ಲಿ ಬಿಟ್ಟರೆ ನಾಳೆ ಮನಸ್ಸು ಕೆಡುತ್ತೆ. ಹಾಡಿದವರು ಇಂಥವರು ಅಂತ ಹೆಸರು ಹೇಳಿಸಿಕೊಳ್ಳೋದು ಕಲಾವಿದರ ಹಕ್ಕು ಅಂತ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯಲ್ಲೇ ಬಂದಿದೆ. ಕಂಪನಿಯವರು ಕಳಿಸಿದ ಕವರ್‌ನಲ್ಲಿ ದೊಡ್ಡಪ್ಪನ ಹೆಸರು ಎಲ್ಲೂ ಇರಲಿಲ್ಲ, ಗಮನಿಸಿದೆಯಾ?

ಭಾನುವಾರ ಫೈಲುಗಳನ್ನ ತಗೊಂಡು ತುಮಕೂರಿಗೆ ಬಾ, ನಮ್ಮನೆಯಲ್ಲೇ ಕೂತು ಅರ್ಜಿ ತುಂಬೋಣ. ದೊಡ್ಡಪ್ಪನ ಬ್ಯಾಂಕ್ ಪಾಸ್‌ಬುಕ್ ಮರೀಬೇಡ. ಅವರ ಹೆಸರನ್ನ ಹಟ್ಟಿಯಲ್ಲಿ ಹೇಗೆ ಕರೀತಾರೋ ಹಾಗೇ ಬರೆಸಿಕೊಂಡು ಬಾ, ಕವರ್ ಮೇಲೆ ಮೊದಲು ಬರಬೇಕಾದ್ದು ಅದೇ.

ನಿನ್ನ ಗೆಳೆಯ