ದೂರಸಂಪರ್ಕ ಸಚಿವರಿಗೆ: ಹಣ ಕಟ್ಟಿಸಿಕೊಳ್ಳುವ ಮೊದಲೇ ನಮ್ಮ ಲೈನಿನ ವೇಗ ಹೇಳಿಸಿ

ಮಾನ್ಯ ಸಚಿವರೇ, ನಮಸ್ಕಾರ.

ಫೋನ್ ಲೈನಿನ ಮೇಲೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳುವವರ ಕೈಗೆ ಮೊದಲು ಸಿಗುವುದು ಪ್ಲಾನ್‌ಗಳ ಪಟ್ಟಿ. ಅದರಲ್ಲಿರುವ ವೇಗ ನೋಡಿಯೇ ಎಲ್ಲರೂ ಹಣ ಕಟ್ಟುತ್ತಾರೆ. ಆದರೆ ಮನೆಗೆ ಬರುವ ವೇಗ ಜಾಸ್ತಿ ನಿಂತಿರುವುದು ತಾಮ್ರದ ತಂತಿಯ ಉದ್ದದ ಮೇಲೆ, ಅದರ ಸ್ಥಿತಿಯ ಮೇಲೆ. ನಮ್ಮ ತಂತಿಯಲ್ಲಿ ಎಷ್ಟು ವೇಗ ಸಿಗುತ್ತದೆ ಎಂಬುದನ್ನು ಕಂಪನಿ ಮೊದಲೇ ಬರೆದು ಕೊಡಬೇಕು ಎಂಬ ನಿಯಮ ತನ್ನಿ. ನಾನು ಮುಖ್ಯವಾಗಿ ಕೇಳುತ್ತಿರುವುದು ಇದನ್ನೇ.

ತಾಮ್ರದ ಫೋನ್ ತಂತಿಯ ಮೇಲೆಯೇ ಇಂಟರ್ನೆಟ್ ಕೊಡುವ ಎಡಿಎಸ್ಎಲ್2+ ಸಂಪರ್ಕವನ್ನೇ ನೋಡಿ. ಅದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 24 ಮೆಗಾಬಿಟ್. ಎಕ್ಸ್‌ಚೇಂಜಿಗೆ ಹತ್ತಿರದ ಮನೆಗಳಿಗಷ್ಟೇ ಅದರ ಆಸುಪಾಸು ಸಿಗುತ್ತದೆ. ನಾಲ್ಕೈದು ಕಿಲೋಮೀಟರ್ ಆಚೆ ಒಂದೆರಡು ಮೆಗಾಬಿಟ್ ಬಂದರೆ ಅದೇ ದೊಡ್ಡದು. ನಮ್ಮ ಮಾತಿಗೆ 4 ಕಿಲೋಹರ್ಟ್ಜ್ ಒಳಗಿನ ಆವರ್ತನ ಸಾಕು. ಇಂಟರ್ನೆಟ್ 2.2 ಮೆಗಾಹರ್ಟ್ಜ್ ತನಕ ಬಳಸುತ್ತದೆ. ತಂತಿ ಉದ್ದವಾದಷ್ಟೂ ಮೇಲಿನ ಆವರ್ತನಗಳೇ ಮೊದಲು ಸೊರಗುತ್ತವೆ. ಹಾಗಾಗಿ ಫೋನ್ ಚೆನ್ನಾಗಿ ಕೇಳಿಸಿದ ಮಾತ್ರಕ್ಕೆ ಲೈನ್ ಇಂಟರ್ನೆಟ್‌ಗೆ ಸರಿಯಿದೆ ಎಂದಲ್ಲ. ಇದೇ ತಂತಿಯ ಮೇಲೆ ಓಡುವ ಹೊಸ ತಂತ್ರಜ್ಞಾನ ವಿಡಿಎಸ್ಎಲ್2 ಇನ್ನೂ ವೇಗ, ನಿಜ. ಆದರೆ ತಂತಿ ಒಂದೂವರೆ ಕಿಲೋಮೀಟರ್ ದಾಟುವಷ್ಟರಲ್ಲಿ ಆ ಲಾಭ ಬಹುಪಾಲು ಹೋಗಿರುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ರಸ್ತೆಯ ದೂರವಲ್ಲ, ಕೇಬಲ್ ಸುತ್ತಿಕೊಂಡು ಬರುವ ದೂರ. ಅದನ್ನು ಗ್ರಾಹಕರು ಅಳೆಯುವುದು ಹೇಗೆ? ಲೈನ್ ಪರೀಕ್ಷಿಸುವ ಸಾಧನ ಇರುವುದು ಕಂಪನಿಯ ಹತ್ತಿರ. ಗೊತ್ತಿರುವವರು ಹೇಳಲಿ, ಅಲ್ವಾ?

ಅಪ್‌ಲೋಡ್ ವೇಗವನ್ನೂ ಬೇರೆಯಾಗಿ ಬರೆಯಬೇಕು. ಎಡಿಎಸ್ಎಲ್2+ನಲ್ಲಿ ಅದು ಸಾಮಾನ್ಯವಾಗಿ ಒಂದು ಮೆಗಾಬಿಟ್ ಸುತ್ತಮುತ್ತ ಮಾತ್ರ. ಮನೆಯಿಂದಲೇ ಪಾಠ ಮಾಡುವ ಶಿಕ್ಷಕರಿಗೆ, ವಿಡಿಯೋ ಕರೆಯಲ್ಲೇ ಕೆಲಸ ಮಾಡುವವರಿಗೆ ಪೆಟ್ಟು ಬೀಳುವುದು ಇಲ್ಲೇ.

ಸಂಪರ್ಕ ಕೊಟ್ಟ ದಿನ ಇನ್ನೊಂದು ಕೆಲಸ ಆಗಲಿ. ಮೋಡೆಮ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಲೈನ್ ಅಟೆನ್ಯುಯೇಶನ್ (ತಂತಿಯಲ್ಲಿ ಸಿಗ್ನಲ್ ಎಷ್ಟು ಸೊರಗಿದೆ), ನಾಯ್ಸ್ ಮಾರ್ಜಿನ್ (ಗದ್ದಲ ತಡೆದುಕೊಳ್ಳಲು ಲೈನಿಗೆ ಎಷ್ಟು ಅವಕಾಶ ಉಳಿದಿದೆ) ಎಂಬ ಎರಡು ಅಂಕಿಗಳು ಡೆಸಿಬೆಲ್‌ನಲ್ಲಿ ಕಾಣಿಸುತ್ತವೆ. ಮಾರ್ಜಿನ್ 6ಕ್ಕಿಂತ ಕಡಿಮೆಯಾದರೆ ಲೈನ್ ಪದೇ ಪದೇ ಕಡಿದುಹೋಗುವ ಸಾಧ್ಯತೆ ಹೆಚ್ಚು. ತಂತ್ರಜ್ಞರು ಅವನ್ನು ತೋರಿಸಿ ಬರೆದು ಕೊಡಲಿ. ಮಳೆಗೆ ಜಾಯಿಂಟ್ ಒಳಗೆ ನೀರು ಹೋಗಿ ವೇಗ ಕುಸಿದರೆ, ದೂರು ಕೊಡುವಾಗ ಕೈಯಲ್ಲಿ ಆಧಾರ ಇರುತ್ತದೆ. ಮನೆಯ ಒಳಗಿನ ಹಳೆಯ ಸಾಕೆಟ್, ಮಾತನ್ನೂ ಇಂಟರ್ನೆಟ್ಟನ್ನೂ ಬೇರ್ಪಡಿಸುವ ಫಿಲ್ಟರ್ ಹಾಕದ ಫೋನ್ ಕೂಡ ತೊಂದರೆ ಕೊಡುತ್ತವೆ. ಅದನ್ನೂ ಅವತ್ತೇ ನೋಡಿಬಿಡಲಿ.

ಮಾತಿನ ಕರೆಯೂ ಮೋಡೆಮ್ ಮೂಲಕವೇ ಹೋಗುವುದಾದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಮೋಡೆಮ್‌ಗೆ ಹಾಗಿಲ್ಲ. ಕರೆಂಟ್ ಹೋದಾಗ ಒಂಟಿಯಾಗಿರುವ ವೃದ್ಧರು ಯಾರಿಗೂ ಫೋನ್ ಮಾಡಲಾಗದೆ ಕೂರಬಾರದು.

ಕೊನೆಯದಾಗಿ, ಬರೆದುಕೊಟ್ಟ ವೇಗ ಸಿಗದಿದ್ದರೆ ದಂಡ ಕಟ್ಟದೆ ಒಪ್ಪಂದದಿಂದ ಹೊರಬರುವ ಹಕ್ಕನ್ನೂ ಆ ನಿಯಮದಲ್ಲೇ ಸೇರಿಸಿ.

ಇಂತಿ,
ಒಬ್ಬ ಗ್ರಾಹಕ