ಹಾಲು ಯಾರಿಗೋಸ್ಕರ?

ಲಂಡನ್
ಏಪ್ರಿಲ್ 16

ಪ್ರೀತಿಯ ಅಮ್ಮನಿಗೆ,

ನಾನು ಕ್ಷೇಮ. ಅಪ್ಪನ ಮಂಡಿ ನೋವು ಹೇಗಿದೆ? ಗೌರಿ ಹೆಣ್ಣು ಕರು ಹಾಕಿದ್ದು ಕೇಳಿ ತುಂಬಾ ಖುಷಿಯಾಯಿತು. ಗಿಣ್ಣು ಮಾಡಿದಾಗ ನನ್ನ ನೆನಪಾಯಿತಾ?

ಹೋದ ವಾರ ನರ್ಸರಿಯಲ್ಲಿ ಹಸುವಿನ ಪಾಠ ಇತ್ತು. ಎಲ್ಲಾ 3-4 ವರ್ಷದ ಮಕ್ಕಳು. ಹಾಲು ಎಲ್ಲಿಂದ ಬರುತ್ತೆ ಅಂದರೆ ಹಸುವಿನಿಂದ ಅಂತ ಎಲ್ಲರಿಗೂ ಗೊತ್ತು. ಹಸು ಯಾಕೆ ಹಾಲು ಕೊಡುತ್ತೆ ಅಂತ ಕೇಳಿದೆ. "ನಮಗೋಸ್ಕರ" ಅಂದರು. ನನಗೆ ಯಾಕೋ ಸಂಕಟವಾಯಿತು ಅಮ್ಮ. ಅವರ ಪುಸ್ತಕದ ಚಿತ್ರದಲ್ಲಿ ಹಸು ಇದೆ, ಬಕೆಟ್ ಇದೆ, ಕರುವೇ ಇಲ್ಲ.

ಅದಕ್ಕೇ ಮೊನ್ನೆ ಅವರನ್ನು ಮಡ್‌ಚೂಟ್ ಫಾರ್ಮ್‌ಗೆ ಕರೆದುಕೊಂಡು ಹೋದೆವು. ಇಷ್ಟು ದೊಡ್ಡ ಊರಿನೊಳಗೆ 32 ಎಕರೆ ಜಾಗ. ಕುರಿಗಳು ಮೇಯುತ್ತಿರುತ್ತವೆ, ಅವುಗಳ ಹಿಂದೆ ಕ್ಯಾನರಿ ವಾರ್ಫ್‌ನ ಎತ್ತರದ ಕಟ್ಟಡಗಳು. ಒಳಗೆ ಹೋಗಲು ದುಡ್ಡಿಲ್ಲ. ಇಲ್ಲಿ ಈಗ ಕುರಿ ಮರಿ ಹಾಕುವ ಕಾಲ. ನಾವು ನೋಡುತ್ತಿದ್ದ ಹಾಗೇ ಒಂದು ಮರಿ ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ, ಬಾಲ ಅಲ್ಲಾಡಿಸುತ್ತಾ ಕುಡಿಯಿತು. ಒಬ್ಬಳು ಪುಟ್ಟಿ ನನ್ನ ಕೈ ಜಗ್ಗಿ "ಅದು ಮರಿಯ ಹಾಲು!" ಅಂದಳು. ನಾನು ಹೇಳಿಕೊಡಬೇಕಾಗಿದ್ದನ್ನು ಆ ಮರಿಯೇ ಹೇಳಿಕೊಟ್ಟಿತು. ಆಮೇಲೆ ನಿನ್ನ ವಿಷಯ ಹೇಳಿದೆ. ನೀನು ಮೊದಲು ಕರು ಬಿಡುತ್ತೀಯ, ಗೌರಿ ಸೊರೆ ಬಿಟ್ಟ ಮೇಲೆ ಕರೆಯುತ್ತೀಯ, ಒಂದು ಮೊಲೆ ಹಾಲು ಕರುವಿಗೇ ಉಳಿಸುತ್ತೀಯ ಅಂತ. ಬಾಯಿ ಬಿಟ್ಟುಕೊಂಡು ಕೇಳಿದರು.

ಒಬ್ಬ ಹುಡುಗ ಹೆದರಿ ಬೇಲಿಯ ಹತ್ತಿರ ಬರಲೇ ಇಲ್ಲ. ಮುಟ್ಟು ಮುಟ್ಟು ಅಂತ ಬಲವಂತ ಮಾಡಲಿಲ್ಲ. ಅವನ ಜೊತೆ ದೂರದಲ್ಲೇ ಹುಲ್ಲಿನ ಮೇಲೆ ಕೂತೆ. ಒಂದು ಕುರಿ ಮಲಗಿ ಮೆಲುಕು ಹಾಕುತ್ತಿತ್ತು. ದವಡೆ ಪಕ್ಕಕ್ಕೆ ಆಡುವುದನ್ನು ಅವನು ಎಷ್ಟೋ ಹೊತ್ತು ನೋಡಿದ. ಅದಕ್ಕೆ ಮೇಲಿನ ಮುಂದಿನ ಹಲ್ಲೇ ಇಲ್ಲ, ಬರೀ ಗಟ್ಟಿ ಒಸಡು ಅಂದೆ. ತಕ್ಷಣ ತನ್ನ ಹಲ್ಲು ಮುಟ್ಟಿ ನೋಡಿಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುರಿಯ ಹಾಗೇ ಬಾಯಾಡಿಸಿದ!

ಹೊರಡುವಾಗ ಎಲ್ಲರ ಕೈಯನ್ನೂ ಸೋಪು ಹಾಕಿ ತೊಳೆಸಿದೆವು. ನಮ್ಮ ಜೊತೆಯ ಟೀಚರ್ ಒಬ್ಬರು ಬಸುರಿ, ಅವರು ಬರಲಿಲ್ಲ. ಮರಿ ಹಾಕುವ ಕುರಿಗಳಿಂದ ಸೋಂಕು ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ನಮ್ಮ ತಂಗಿಗೂ ಹೇಳಮ್ಮ, ಈಗ ಪಕ್ಕದ ಮನೆಯವರ ಕುರಿ ರೊಪ್ಪದ ಕಡೆ ಹೋಗುವುದು ಬೇಡ.

ಒಂದು ಉಪಕಾರ ಮಾಡು. ಹಸು ಇಲ್ಲಿ "ಮೂ" ಅನ್ನುತ್ತೆ, ನಮ್ಮೂರಲ್ಲಿ "ಅಂಬಾ" ಅನ್ನುತ್ತೆ ಅಂದರೆ ಮಕ್ಕಳು ನಂಬುತ್ತಿಲ್ಲ. ನೀನು ಸಂಜೆ 5ಕ್ಕೆ ಹಾಲು ಕರೆಯುವಾಗ ಇಲ್ಲಿ ಮಧ್ಯಾಹ್ನ 12.30, ಅವರ ಊಟದ ಹೊತ್ತು. ಸೋಮವಾರ ಕೊಟ್ಟಿಗೆಯಿಂದಲೇ ವಿಡಿಯೋ ಕಾಲ್ ಮಾಡು. ಫೋನ್ ಅಪ್ಪ ಹಿಡಿದುಕೊಳ್ಳಲಿ. ಕರು ಬಿಡುವ ಮುಂಚೆಯೇ ಮಾಡು, ಗೌರಿ ಕೂಗುವುದು ಆಗಲೇ ಅಲ್ವಾ?

ಇಂತಿ ನಿನ್ನ ಮಗಳು