ಬಾಂದ್ ಒಡೆಯುವ ಮೊದಲೇ ಮಣ್ಣು ಹಾಕಿಸಿ: ಗೋವಾ ಕೃಷಿ ಸಚಿವರಿಗೆ ಬಹಿರಂಗ ಪತ್ರ

ಗೋವಾ ಸರ್ಕಾರದ ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರಗಳು.

ಇದೇ ಪತ್ರದ ಕೊಂಕಣಿ ಪ್ರತಿಯನ್ನು ತಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದು ಗೋವಾದಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮವರೂ ಓದಲಿ ಎಂದು. ನದಿಯ ಉಪ್ಪುನೀರು ನುಗ್ಗದಂತೆ ಬಾಂದ್ ಎಂಬ ಮಣ್ಣಿನ ಏರಿ ಕಟ್ಟಿ ಮಾಡಿದ ಖಜಾನ್ ಗದ್ದೆ ಇಲ್ಲಿನ ಹಳೆಯ ಮನೆತನಗಳ ವಿಚಾರ, ನಮಗೇಕೆ ಎಂದು ನಮ್ಮಲ್ಲಿ ಅನೇಕರು ಸುಮ್ಮನಿದ್ದಾರೆ. ನಮ್ಮ ಹಳ್ಳಿಯಲ್ಲಿ ಬಾಂದ್‌ಗೆ ಮಣ್ಣು ಹೊರುವವರಲ್ಲಿ, ನಾಟಿಗೆ ಬರುವವರಲ್ಲಿ ವಿಜಯಪುರ, ಗದಗ, ಹಾವೇರಿ ಕಡೆಯವರಿದ್ದಾರೆ. ತಗ್ಗಿನಲ್ಲಿ ಬಾಡಿಗೆ ಕೋಣೆ ಹಿಡಿದವರೂ ಅವರೇ, ನೀರು ಮೊದಲು ನುಗ್ಗುವುದೂ ಅವರ ಮನೆಗೇ.

ನನ್ನ ಬೇಡಿಕೆ ಇಷ್ಟು: ಬಾಂದ್ ಒಡೆದ ಮೇಲೆ ದುಡ್ಡು ಬಿಡುಗಡೆ ಮಾಡುವುದನ್ನು ಬಿಟ್ಟು, ಒಡೆಯುವ ಮೊದಲೇ ಕೊಡಿ. ಬಾಂದಿನಲ್ಲಿರುವ ತೂಬು, ಅಂದರೆ ಮಾನಸಿನ ಬಾಗಿಲನ್ನು ಗದ್ದೆ ಮಾಡುವವರ ಕೈಗೆ ಕೊಡಿ.

ನನ್ನ ತವರು ಕುಮಟಾ ತಾಲ್ಲೂಕಿನ ಅಘನಾಶಿನಿ ದಡ. ಅಲ್ಲಿ ಇಂಥದೇ ಗಜನಿ ಗದ್ದೆ, ಉಪ್ಪು ತಾಳುವ ಕಗ್ಗ ಭತ್ತ, ನೀರು ಬಿಡಲು ಜಂತ್ರಡಿ ಎಂಬ ತೂಬು. ಮದುವೆಯಾಗಿ ಮಾಂಡವಿ ದಡಕ್ಕೆ ಬಂದರೆ ಇಲ್ಲಿಯೂ ಅದೇ ಕೆಸರು, ಅದೇ ಉಪ್ಪು. ಬೆಳೆ ಮಾತ್ರ ಕೊರ್ಗುಟ್ ಎಂಬ ಭತ್ತ. ಗೋವಾದಲ್ಲಿ ಇಂಥ ಭೂಮಿ ಸುಮಾರು 18,000 ಹೆಕ್ಟೇರ್ ಇದೆ. 1510ರಲ್ಲಿ ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಮೊದಲೇ ಹಳ್ಳಿಯ ಮೂಲ ಮನೆತನಗಳವರಾದ ಗಾಂವಕಾರರು ಕೂಡಿ, ಭರತದ (ಉಬ್ಬರದ) ನೀರಿಗೆ ಮಣ್ಣಿನ ಬಾಂದ್ ಕಟ್ಟಿ ಎಬ್ಬಿಸಿದ ಗದ್ದೆಗಳಿವು. ಮಾನಸಿನ ಮರದ ಬಾಗಿಲಿಗೆ ಯಂತ್ರ ಬೇಕಿಲ್ಲ. ಭರತ ಏರಿದಾಗ ಹೊರಗಿನ ನೀರೇ ಅದನ್ನು ಒತ್ತಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರು ತಳ್ಳಿಕೊಂಡು ಹೊರಹೋಗುತ್ತದೆ. ಬಾಗಿಲು ಮುಚ್ಚಿದ್ದಷ್ಟು ಹೊತ್ತು ಮಳೆನೀರು ಒಳಗಿನ ಪೊಯ್ಂ ಎಂಬ ಹೊಂಡದಲ್ಲಿ ನಿಲ್ಲಬೇಕು. ಜೂನ್ ತಿಂಗಳ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದು ಹೀಗೇ ಹೊರಗೆ ಒಯ್ಯುತ್ತವೆ. ಆಮೇಲೆಯೇ ಭತ್ತ.

ಈಗ ಕಷ್ಟ ಬಂದಿರುವುದು ಇಲ್ಲಿಯೇ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ ಉತ್ತರ ಹಿಂದೂ ಮಹಾಸಾಗರದ ಮಟ್ಟ 1874ರಿಂದ 2004ರವರೆಗೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್ ಏರುತ್ತಿತ್ತು. 1993ರಿಂದ 2017ರ ನಡುವೆ ಅದು 3.3 ಮಿಲಿಮೀಟರ್ ಆಗಿದೆ. ಕೇಳಲು ಸಣ್ಣ ಲೆಕ್ಕ. ಆದರೆ ಹೊರಗಿನ ನೀರು ಒಳಗಿನದಕ್ಕಿಂತ ತಗ್ಗಿದ್ದಾಗ ಮಾತ್ರ ಮಾನಸ್ ತೆರೆಯುತ್ತದೆ. ಇಳಿತದ ಮಟ್ಟವೂ ಮೇಲೆ ಬಂದರೆ ನೀರು ಹೊರಹೋಗಲು ಸಿಗುವ ಹೊತ್ತು ಕಡಿಮೆಯಾಗುತ್ತದೆ. ಮಳೆಯಾದರೋ ನಾಲ್ಕು ದಿನದ್ದು ಒಂದೇ ದಿನ ಸುರಿಯುತ್ತಿದೆ. ಪೊಯ್ಂ ಹೂಳು ತುಂಬಿ ಕೂತಿದೆ, ತಗ್ಗು ಜಾಗಕ್ಕೆ ಮಣ್ಣು ಸುರಿದು ಮನೆ ಎದ್ದಿವೆ. ಆ ನೀರು ಎಲ್ಲಿ ನಿಲ್ಲಬೇಕು ಹೇಳಿ.

ಬಾಂದ್ ಒಡೆಯುವುದು ಹೇಗೆಂದು ತಾವು ಹತ್ತಿರದಿಂದ ನೋಡಬೇಕು. ಏಡಿ ಒಂದು ಬಿಲ ಕೊರೆಯುತ್ತದೆ, ಬೆರಳು ಹೋಗುವಷ್ಟು. ದೊಡ್ಡ ಭರತದಲ್ಲಿ ಅದರಿಂದ ಒಳಗಡೆ ನೀರು ಜಿನುಗುತ್ತದೆ. ತಿಳಿನೀರಾದರೆ ಇನ್ನೂ ಸಮಯವಿದೆ. ಕದಡಿದ ನೀರು ಬಂತೆಂದರೆ ಬಾಂದಿನ ಹೊಟ್ಟೆಯ ಮಣ್ಣು ಕರಗುತ್ತಿದೆ ಎಂದರ್ಥ. ನಮ್ಮ ಮಾವ ಅಂಥ ಜಾಗದಲ್ಲಿ ಮೊಣಕೈವರೆಗೆ ಕೈ ತೂರಿಸಿ, ಬಿಲದ ಬಾಯಿ ಹುಡುಕಿ, ಜೇಡಿಮಣ್ಣಿನ ಉಂಡೆ ಒತ್ತಿ ಕಾಲಿನಿಂದ ತುಳಿಯುತ್ತಿದ್ದರು. ಅಷ್ಟಕ್ಕೇ ನಿಲ್ಲುತ್ತಿತ್ತು. ಅದನ್ನೇ ಬಿಟ್ಟರೆ ಬಿರುಕು, ಬಿರುಕಿನಿಂದ ಕುಸಿತ. ಆಮೇಲೆ ಲಾರಿಗಟ್ಟಲೆ ಮಣ್ಣು, ಅಂದಾಜು ಪಟ್ಟಿ, ಟೆಂಡರು. ಟೆಂಡರು ಮುಗಿಯುವಷ್ಟರಲ್ಲಿ ಒಂದು ಬೆಳೆ ಹೋಗಿರುತ್ತದೆ, ಉಪ್ಪು ಇಂಗಿದ ಗದ್ದೆಯಲ್ಲಿ ಮುಂದಿನದ್ದೂ ಸರಿಯಾಗಿ ಏಳುವುದಿಲ್ಲ.

ಬಾಗಿಲಿನ ವಿಷಯ ಇನ್ನೂ ಕಹಿ. ಮಾನಸಿನ ಬಳಿ ಮೀನು ಹಿಡಿಯುವ ಹಕ್ಕು ಹರಾಜಾಗುತ್ತದೆ. ಆ ದುಡ್ಡು ಬಾಂದಿನ ದುರಸ್ತಿಗೆ ಸಲ್ಲಬೇಕು, ಅದು ಒಳ್ಳೆಯ ಪದ್ಧತಿಯೇ. ಆದರೆ ಹಕ್ಕು ಹಿಡಿದವನಿಗೆ ಉಪ್ಪುನೀರು ಹೆಚ್ಚು ಒಳಗೆ ಬಂದಷ್ಟೂ ಇಳಿತದ ಬಲೆಗೆ ಸಿಗಡಿ ಹೆಚ್ಚು. ನಮ್ಮ ಹಳ್ಳಿಯಲ್ಲಿ ಸಸಿ ನೆಟ್ಟ ಮೇಲೂ ರಾತ್ರಿ ಬಾಗಿಲು ಎತ್ತಿಟ್ಟದ್ದಿದೆ, ಬೆಳಗಾಗುವಷ್ಟರಲ್ಲಿ ಸಸಿಗಳ ತುದಿ ಮುಳುಗಿದ್ದಿದೆ. ದೂರು ಕೊಟ್ಟರೆ ಒಂದು ಮೇಜಿನಿಂದ ಇನ್ನೊಂದಕ್ಕೆ ಅಲೆದಾಟ. ಗೇಣಿದಾರರ ಸಂಘಗಳಿಗೆ ಬಾಂದಿನ ಜಂಟಿ ಹೊಣೆ ವಹಿಸಿದ ನಿಯಮಗಳು 1975ರಿಂದಲೂ ಇವೆ. ಹೊಣೆ ಗೇಣಿದಾರರದ್ದು, ಬಾಗಿಲು ಬೇರೆಯವರದ್ದು ಎಂದರೆ ಯಾವ ನ್ಯಾಯ?

ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಗ್ಗೆಯೂ ಒಂದು ಮಾತು. ಬಾಂದಿನ ಹೊರಗೆ, ನದಿಯ ಕಡೆ ಅವು ಇದ್ದರೆ ಅಲೆಯ ಪೆಟ್ಟು ತಗ್ಗುತ್ತದೆ. ಅಲ್ಲಿ ಒಂದನ್ನೂ ಮುಟ್ಟಬಾರದು. ಆದರೆ ಒಡೆದ ಬಾಂದನ್ನು ವರ್ಷಾನುಗಟ್ಟಲೆ ಹಾಗೇ ಬಿಟ್ಟಾಗ ಗದ್ದೆಯೊಳಗೂ ಅವು ಹಬ್ಬುತ್ತವೆ. ಆಮೇಲೆ ಕಡಿಯುವಂತಿಲ್ಲ, ಉಳುವಂತಿಲ್ಲ. ಪರಿಸರದವರು ಮತ್ತು ರೈತರು ಎದುರುಬದುರಾಗುವುದು ಇಲ್ಲೇ. ಸಕಾಲಕ್ಕೆ ಮಣ್ಣು ಬಿದ್ದಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. 2011ರ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಜೆಡ್ ಅಧಿಸೂಚನೆ ಗೋವಾದ ಖಜಾನ್ ಭೂಮಿಗೆ ನಿರ್ವಹಣಾ ಯೋಜನೆ ಆಗಬೇಕೆಂದು ಹೇಳಿದೆ. ಎಲ್ಲಿ ಕಾಂಡ್ಲಾ, ಎಲ್ಲಿ ಗದ್ದೆ ಎಂಬ ಗೆರೆಯನ್ನು ಹಳ್ಳಿಯವರನ್ನು ಜೊತೆಗೆ ನಿಲ್ಲಿಸಿಕೊಂಡು ಎಳೆಯಿರಿ.

ಕಾಂಕ್ರೀಟ್ ಗೋಡೆಗೆ ಹಣ ಹುಡುಕಬೇಡಿ. ಉಪ್ಪುನೀರಿನಲ್ಲಿ ಅದರ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕೆಳಗಿನ ಮೆದು ಮಣ್ಣು ಕುಸಿದರೆ ಬಾಯಿ ಬಿಡುತ್ತದೆ. ಮಣ್ಣಿನ ಬಾಂದನ್ನು ಸಮುದ್ರ ಏರಿದಂತೆ ವರ್ಷವರ್ಷವೂ ಗೇಣು ಗೇಣಾಗಿ ಎತ್ತರಿಸಬಹುದು, ಹಳ್ಳಿಯವರ ಕೈಗೂ ಕೆಲಸ. ಪ್ರತಿ ಸಂಘಕ್ಕೆ ಒಂದಿಷ್ಟು ಮುಂಗಡ ನಿಧಿ ಇರಲಿ, ಮೇ ತಿಂಗಳೊಳಗೆ ತಮ್ಮ ಭೂಸಂರಕ್ಷಣಾ ವಿಭಾಗದ ಎಂಜಿನಿಯರು ರೈತರ ಜೊತೆ ಬಾಂದಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಲಿ, ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ಭರತದ ಹೊತ್ತಿನಲ್ಲೇ. ಪೊಯ್ಂ ಹೂಳೆತ್ತಿದ ಮಣ್ಣೇ ಬಾಂದ್‌ಗೆ ಬೀಳಲಿ. ಮಾನಸ್ ಕಾಯುವವನಿಗೆ ಸಂಬಳ ಕೊಡಿ, ಅವನು ಸಂಘಕ್ಕೆ ಉತ್ತರ ಹೇಳಬೇಕು, ಮೀನಿನ ಗುತ್ತಿಗೆದಾರನಿಗಲ್ಲ. ನಾಟಿಯಿಂದ ಕೊಯ್ಲಿನವರೆಗೆ ಬಾಗಿಲು ಎತ್ತಿ ಉಪ್ಪುನೀರು ಬಿಟ್ಟರೆ ಗುತ್ತಿಗೆ ರದ್ದು ಎಂಬ ಷರತ್ತು ಮುಂದಿನ ಹರಾಜಿನಲ್ಲೇ ಬರಲಿ.

ನನ್ನ ಪತ್ರಕ್ಕೆ ಉತ್ತರ ಯಾವ ಭಾಷೆಯಲ್ಲಿ ಬಂದರೂ ಸರಿ. ಆ ಷರತ್ತನ್ನು ಮಾತ್ರ ಕೊಂಕಣಿಯಲ್ಲಿ ಅಚ್ಚು ಹಾಕಿಸಿ, ಹರಾಜಿಗೆ ಮುಂಚೆಯೇ ಪಂಚಾಯತಿಯ ಬಾಗಿಲಿಗೆ ಹಚ್ಚಿಸಿ.

ಇಂತಿ ತಮ್ಮ ವಿಶ್ವಾಸಿ,
ಮಾಂಡವಿ ದಡದ ಗೇಣಿದಾರ ಮನೆಯ ಸೊಸೆ